ಚೆಂಡು ಬರುವ ಮುನ್ನ ನೋಡು
(ಕಾಲ್ಚೆಂಡಾಟದ ಅಭ್ಯಾಸಪಾಠ)

ಫುಟ್‌ಬಾಲ್ ಕಾಲಿನ ಆಟವೆಂದು ಎಲ್ಲರೂ ಬಲ್ಲರು. ಕಾಲಿಗಿಂತ ಮೊದಲು ಅದು ಕಣ್ಣಿನ ಆಟವೆಂಬುದನ್ನು ಬಲ್ಲವರು ಕಡಿಮೆ. ವಾರವೆಲ್ಲ ದುಡಿದು ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಇಳಿಯುವ ನಮ್ಮ ತರುಣರಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ, ಕಾಲಲ್ಲಿ ಕಸುವೂ ಇದೆ. ಆದರೆ ಅವರ ಆಟವನ್ನು ಹತ್ತು ನಿಮಿಷ ಬದಿಯಲ್ಲಿ ನಿಂತು ನೋಡಿದರೆ ಸಾಕು, ಕೊರತೆ ಯಾವುದೆಂದು ತಿಳಿಯುತ್ತದೆ. ಚೆಂಡು ಎಲ್ಲಿದೆಯೋ ಅಲ್ಲಿಗೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಎಲ್ಲರೂ ಮುತ್ತುತ್ತಾರೆ. ಚೆಂಡು ಸಿಕ್ಕವನು ತಲೆ ತಗ್ಗಿಸಿಕೊಂಡು ಓಡುತ್ತಾನೆ. ಮೂವರು ಎದುರಾಳಿಗಳ ನಡುವೆ ಸಿಕ್ಕಿಬಿದ್ದ ಮೇಲೆ ತಲೆಯೆತ್ತಿ, ನಮ್ಮವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಾನೆ. ಅಷ್ಟರಲ್ಲಿ ಚೆಂಡು ಕೈತಪ್ಪಿರುತ್ತದೆ. ಇತ್ತ, ಊರಿನಿಂದ ಹೊಸದಾಗಿ ಬಂದ ಹುಡುಗನೊಬ್ಬ ಬಲಬದಿಯ ಗೆರೆಯ ಹತ್ತಿರ ಗಂಟೆಗಟ್ಟಲೆ ಕಾದು, ಚೆಂಡನ್ನು ಎರಡು ಸಲವೂ ಮುಟ್ಟದೆ ಕೋಣೆಗೆ ಹಿಂದಿರುಗುತ್ತಾನೆ. ಮುಂದಿನ ಭಾನುವಾರ ಅವನು ಬರುವುದೇ ಇಲ್ಲ.

ಚೆಂಡು ಕಳೆಯುವುದು ಒಂದು ನಷ್ಟ, ಹುಡುಗನನ್ನು ಕಳೆಯುವುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ: ಆಡುವವನು ಸುತ್ತ ನೋಡಿರಲಿಲ್ಲ. ನೋಡುವುದನ್ನು ಅಭ್ಯಾಸದಿಂದ ಕಲಿಯಬಹುದು. ಅದಕ್ಕೆ ದೊಡ್ಡ ಮೈದಾನ ಬೇಡ, ಹಣ ಬೇಡ. ಐದು ಮಂದಿ, ಒಂದು ಚೆಂಡು, ನಾಲ್ಕು ಕಲ್ಲು ಇದ್ದರೆ ಸಾಕು. ಆ ಅಭ್ಯಾಸವನ್ನು ಹೆಜ್ಜೆ ಹೆಜ್ಜೆಯಾಗಿ ತಿಳಿಸುವುದೇ ಈ ಪಾಠದ ಉದ್ದೇಶ.

ಮೊದಲು ಒಂದು ಲೆಕ್ಕ

ಪಂದ್ಯ 90 ನಿಮಿಷದ್ದು. ಚೆಂಡು ಹೊರಗೆ ಹೋಗುವುದು, ತಪ್ಪೊದೆತಕ್ಕೆ ನಿಲ್ಲುವುದು ಇವನ್ನೆಲ್ಲ ಕಳೆದು 60 ನಿಮಿಷ ಆಟ ನಡೆಯಿತೆಂದು ಇಟ್ಟುಕೊಳ್ಳೋಣ. ಆಟಗಾರರು 22 ಮಂದಿ, ಚೆಂಡು ಒಂದೇ. ಸಮನಾಗಿ ಹಂಚಿದರೆ ತಲೆಗೆ ಮೂರು ನಿಮಿಷವೂ ಬೀಳುವುದಿಲ್ಲ. ಹಾಗಾದರೆ ಉಳಿದ 87 ನಿಮಿಷ ಆಟಗಾರನು ಏನು ಮಾಡಬೇಕು? ನೋಡಬೇಕು, ಸರಿಯಾದ ಜಾಗಕ್ಕೆ ಸರಿಯಬೇಕು, ಮತ್ತೆ ನೋಡಬೇಕು. ಒದೆಯುವುದನ್ನು ಮಾತ್ರ ಅಭ್ಯಾಸ ಮಾಡುವವನು ಮೂರು ನಿಮಿಷಕ್ಕೆ ಸಿದ್ಧನಾಗಿ 87 ನಿಮಿಷವನ್ನು ಬಿಟ್ಟುಕೊಟ್ಟಂತೆ.

ಇದು ಬರೀ ತರ್ಕವಲ್ಲ. ನಾರ್ವೆ ದೇಶದ ಸಂಶೋಧಕ ಗೈರ್ ಯೋರ್ಡೆಟ್ ಅವರು ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಆಟಗಾರರನ್ನು ಚಿತ್ರೀಕರಿಸಿ, ಚೆಂಡು ತಲಪುವ ಮುನ್ನ ಯಾರು ಎಷ್ಟು ಸಲ ತಲೆ ತಿರುಗಿಸಿ ಸುತ್ತ ನೋಡುತ್ತಾರೆಂದು ಎಣಿಸಿದರು. 2013ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಸಾರವೇನೆಂದರೆ, ಹೆಚ್ಚು ಸಲ ನೋಡುವವರ ಪಾಸುಗಳು ಹೆಚ್ಚಾಗಿ ಗುರಿ ಮುಟ್ಟುತ್ತವೆ. ಆ ಎಣಿಕೆಯಲ್ಲಿ ಮೇಲಿನ ಸಾಲಿನಲ್ಲಿದ್ದವರಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಒಬ್ಬರು.

ನಮ್ಮ ನಿತ್ಯಜೀವನದಲ್ಲಿ ನಾವು ಇದನ್ನೇ ಮಾಡುತ್ತೇವೆ. ಸಂಜೆಯ ಹೊತ್ತು ದಾದರ್ ನಿಲ್ದಾಣದ ಸೇತುವೆಯ ಮೇಲೆ ನಡೆಯುವವನು ತನ್ನ ಕಾಲನ್ನು ನೋಡಿಕೊಂಡು ನಡೆಯುತ್ತಾನೆಯೇ? ಎದುರಿನ ಗುಂಪಿನಲ್ಲಿ ಎಲ್ಲಿ ಸಂದು ಬೀಳುತ್ತದೆಂದು ಮುಂದಾಗಿಯೇ ಕಂಡುಕೊಂಡು ಅತ್ತ ಹೆಜ್ಜೆ ಹಾಕುತ್ತಾನೆ. ನಾಲ್ಕು ಮಗ್ಗಗಳನ್ನು ನೋಡಿಕೊಳ್ಳುವ ನೇಕಾರನು ಒಂದರ ಮುಂದೆ ನಿಂತಿದ್ದರೂ ಉಳಿದ ಮೂರರ ಕಡೆಗೆ ಅವನ ಕಣ್ಣು ಆಗಾಗ ಹೋಗಿ ಬರುತ್ತದೆ. ಆ ಕಣ್ಣು ನಮ್ಮಲ್ಲಿದೆ. ಅದನ್ನು ಮೈದಾನಕ್ಕೆ ತರುವುದಷ್ಟೇ ಉಳಿದಿದೆ.

ಈ ಅಭ್ಯಾಸ ಎಲ್ಲಿಂದ ಬಂತು?

ಒಬ್ಬನನ್ನು ನಡುವೆ ನಿಲ್ಲಿಸಿ, ಅವನಿಗೆ ಸಿಗದಂತೆ ಉಳಿದವರು ಚೆಂಡನ್ನು ಎಸೆದಾಡುವ ಮಕ್ಕಳ ಆಟವನ್ನು ಎಲ್ಲರೂ ಕಂಡಿದ್ದೇವೆ. ಅದನ್ನೇ ಕಾಲಿನಿಂದ ಆಡಿದರೆ ನಮ್ಮ ಅಭ್ಯಾಸವಾಯಿತು. ಸ್ಪೇನ್ ದೇಶದಲ್ಲಿ ಇದಕ್ಕೆ ‘ರೊಂಡೊ’ ಎಂದು ಹೆಸರು. 1970ರ ದಶಕದಲ್ಲಿ ಬಾರ್ಸಿಲೋನಾ ಕ್ಲಬ್ಬಿನ ಕಿರಿಯರಿಗೆ ಕಲಿಸುತ್ತಿದ್ದ ಲೌರಿಯಾನೊ ರೂಯಿಸ್ ಇದನ್ನು ಅಲ್ಲಿ ರೂಢಿಗೆ ತಂದರೆಂದು ಹೇಳುತ್ತಾರೆ. 1988ರಿಂದ 1996ರವರೆಗೆ ಅಲ್ಲಿ ಮುಖ್ಯ ತರಬೇತುದಾರರಾಗಿದ್ದ ಹಾಲೆಂಡಿನ ಯೋಹಾನ್ ಕ್ರೈಫ್ ಇದಕ್ಕೆ ದಿನದ ಅಭ್ಯಾಸದಲ್ಲಿ ಮೊದಲ ಸ್ಥಾನ ಕೊಟ್ಟರು. ಆ ಕ್ಲಬ್ಬಿನ ಕಿರಿಯರ ಶಾಲೆಯಲ್ಲಿ ಬೆಳೆದ ಶಾವಿ ಮತ್ತು ಇನಿಯೆಸ್ಟಾ, 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದ ಮಧ್ಯಭಾಗದ ಆಧಾರಸ್ತಂಭಗಳಾದರು. ಇಬ್ಬರೂ ಸುಮಾರು ಐದು ಅಡಿ ಏಳು ಅಂಗುಲ ಎತ್ತರದವರು. ಭಾರಿ ಮೈಕಟ್ಟಿನವರೂ ಅಲ್ಲ. ‘ನಾನು ಕುಳ್ಳ, ನನಗೆ ಈ ಆಟ ಒಗ್ಗದು’ ಎನ್ನುವವರು ಇದನ್ನು ನೆನಪಿಡತಕ್ಕದ್ದು.

ಪಾಸಿನ ಆಟ ಪರದೇಶದವರ ಸೊತ್ತೆಂದು ತಿಳಿಯಬೇಕಾಗಿಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರು ಶಾಲಾ ಮಾಸ್ತರರಾಗಿದ್ದವರು. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಭಾರತ ತಂಡವನ್ನು ತಿದ್ದಿದರು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಮೆರೆಯುವುದನ್ನು ಬಿಡಿಸಿ, ಬೇಗ ಪಾಸು ಕೊಡುವುದನ್ನೂ ಎರಡು ಕಾಲುಗಳ ಬಳಕೆಯನ್ನೂ ಕಲಿಸಿದರು. ಅವರ ಕಾಲದಲ್ಲಿ ಭಾರತವು 1951 ಮತ್ತು 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನವನ್ನು ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು.

ಕನ್ನಡ ನಾಡಿಗೂ ಈ ಆಟದ ನಂಟು ಹಳೆಯದು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾಗಿ ಶತಮಾನಕ್ಕೂ ಹೆಚ್ಚು ಕಾಲ ನಡೆದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಆ ಗೆಲುವು 1937ರಲ್ಲಿ. ಮರುವರ್ಷವೂ ಕಪ್ಪು ಅವರದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಭಾರತದ ಗೋಲು ಹೊಡೆದವರು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. 1968–69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮತ್ತೆ ಗೆದ್ದುದು 2023ರ ಮಾರ್ಚಿಯಲ್ಲಿ, ರಿಯಾದ್ ನಗರದಲ್ಲಿ. ಆದುದರಿಂದ ಈ ಆಟವನ್ನು ಕ್ರಮವಾಗಿ ಕಲಿಯಲು ನಮಗೆ ಸಂಕೋಚ ಬೇಡ.

ಸಿದ್ಧತೆ

ಜಾಗ: ಉದ್ದ ಅಗಲ ಹತ್ತು ಹೆಜ್ಜೆಯ ಚೌಕ, ಅಂದರೆ ಸುಮಾರು ಎಂಟು ಮೀಟರ್. ಕ್ರಿಕೆಟ್ಟಿನವರು ಮೈದಾನವನ್ನು ತುಂಬಿದ್ದರೂ ಮೂಲೆಯಲ್ಲಿ ಇಷ್ಟು ಸಿಕ್ಕೀತು. ನಾಲ್ಕು ಮೂಲೆಗೆ ಚಪ್ಪಲಿಯನ್ನೋ ಅಂಗಿಯನ್ನೋ ಇಡಿರಿ. ಇಟ್ಟಿಗೆ ಇಡಬೇಡಿ, ಎಡವಿದರೆ ಪೆಟ್ಟಾಗುತ್ತದೆ. ನೆಲದ ಕಲ್ಲು, ಗಾಜಿನ ಚೂರುಗಳನ್ನು ಮೊದಲು ಆರಿಸಿ ಬಿಡಿರಿ.

ಚೆಂಡು: ಐದನೆಯ ಅಳತೆಯದು. ಅದರ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಹೆಬ್ಬೆರಳಿನಿಂದ ಒತ್ತಿದಾಗ ತುಸುವೇ ತಗ್ಗಬೇಕು. ಗಟ್ಟಿ ನೆಲದ ಮೇಲೆ ಕಲ್ಲಿನಂತೆ ಗಾಳಿ ತುಂಬಿದ ಚೆಂಡು ಪುಟಿಯುತ್ತದೆಯೇ ಹೊರತು ಹಿಡಿತಕ್ಕೆ ಬಾರದು.

ಮೈ ಬಿಸಿ ಮಾಡಿಕೊಳ್ಳುವುದು: ನಿಧಾನದ ಓಟ, ಪಕ್ಕಕ್ಕೆ ಓಟ, ಹಿಂದಕ್ಕೆ ಓಟ, ಕೀಲುಗಳನ್ನು ತಿರುಗಿಸುವುದು. ರಾತ್ರಿಪಾಳಿ ಮುಗಿಸಿ ಬಂದವರು ಇದನ್ನು ಬಿಡಲೇಬಾರದು.

ಮೊದಲನೆಯ ಹೆಜ್ಜೆ: ಇಬ್ಬಿಬ್ಬರ ಪಾಸು

ಎಂಟು ಹತ್ತು ಹೆಜ್ಜೆ ದೂರದಲ್ಲಿ ಇಬ್ಬರು ಎದುರುಬದುರಾಗಿ ನಿಲ್ಲಿರಿ. ಪಾದದ ಒಳಮೈಯಿಂದ ಪಾಸು ಮಾಡಿರಿ. ಹೀಗೆ:

1. ಊರಿದ ಕಾಲು ಚೆಂಡಿನ ಪಕ್ಕದಲ್ಲಿ ಗೇಣು ದೂರದಲ್ಲಿರಲಿ. ಅದರ ಬೆರಳು ಪಾಸು ಹೋಗಬೇಕಾದ ಕಡೆಗೆ ನೋಡಲಿ.
2. ಒದೆಯುವ ಪಾದವನ್ನು ಹೊರಕ್ಕೆ ತಿರುಗಿಸಿ ಹರಡನ್ನು ಬಿಗಿಹಿಡಿಯಿರಿ. ಸಡಿಲ ಹರಡಿನಿಂದ ನೇರ ಪಾಸು ಹೋಗುವುದಿಲ್ಲ.
3. ಚೆಂಡಿನ ನಟ್ಟನಡುವಿಗೆ ತಾಗಿಸಿರಿ. ಕೆಳಗೆ ತಾಗಿದರೆ ಚೆಂಡು ಮೇಲೇಳುತ್ತದೆ.
4. ತಾಗಿಸಿದ ಮೇಲೆ ಕಾಲನ್ನು ಅದೇ ದಿಕ್ಕಿನಲ್ಲಿ ಮುಂದಕ್ಕೆ ಹೋಗಗೊಡಿರಿ.

ಚೆಂಡನ್ನು ಹಿಡಿಯುವಾಗ ಪಾದವನ್ನು ಗೋಡೆಯಂತೆ ಒಡ್ಡಬೇಡಿ. ಮೇಲಿಂದ ಎಸೆದ ತೆಂಗಿನಕಾಯಿಯನ್ನು ಹಿಡಿಯುವವನು ಕೈಯನ್ನು ತುಸು ಹಿಂದಕ್ಕೆ ಎಳೆದುಕೊಳ್ಳುವ ಹಾಗೆ ಪಾದವನ್ನು ತುಸು ಹಿಂದೆ ಸರಿಸಿರಿ. ಐವತ್ತು ಪಾಸು ಬಲಗಾಲಿನಿಂದ, ಐವತ್ತು ಎಡಗಾಲಿನಿಂದ. ಎಡಗಾಲು ಬಾರದೆಂದು ಬಿಟ್ಟವನಿಗೆ ಮೈದಾನದ ಅರ್ಧ ಭಾಗ ಮುಚ್ಚಿದಂತೆಯೇ.

ಎರಡನೆಯ ಹೆಜ್ಜೆ: ನಾಲ್ವರ ನಡುವೆ ಒಬ್ಬ

ಇದೇ ಪಾಠದ ಹೃದಯ. ಚೌಕದ ಒಂದೊಂದು ಬದಿಗೆ ಒಬ್ಬನಂತೆ ನಾಲ್ವರು ನಿಲ್ಲಿರಿ. ಮೂಲೆಯಲ್ಲಿ ನಿಲ್ಲಬೇಡಿ, ಬದಿಯ ಉದ್ದಕ್ಕೂ ಅತ್ತಿತ್ತ ಸರಿಯುವ ಸ್ವಾತಂತ್ರ್ಯ ಇರಬೇಕು. ಐದನೆಯವನು ನಡುವೆ. ಹೊರಗಿನವರು ಚೆಂಡನ್ನು ತಮ್ಮತಮ್ಮಲ್ಲೇ ಓಡಾಡಿಸಬೇಕು, ನಡುವಿನವನು ತಡೆಯಬೇಕು. ಒಬ್ಬೊಬ್ಬನಿಗೆ ಎರಡೇ ಸ್ಪರ್ಶ: ಒಂದರಲ್ಲಿ ಹಿಡಿ, ಇನ್ನೊಂದರಲ್ಲಿ ಕೊಡು. ಸತತ ಹತ್ತು ಪಾಸು ಆದರೆ ಒಂದು ಅಂಕ.

ಚೆಂಡು ಕಳೆದವನು ನಡುವೆ ಹೋಗಬೇಕೆಂಬುದು ಎಲ್ಲೆಲ್ಲೂ ಇರುವ ನಿಯಮ. ಪಳಗಿದವರಿಗೆ ಅದು ಒಳ್ಳೆಯದು. ಆದರೆ ಹೊಸಬರಿರುವ ಗುಂಪಿನಲ್ಲಿ ಅದು ಅನ್ಯಾಯವಾಗುತ್ತದೆ. ಹೊಸಬನೇ ಮತ್ತೆ ಮತ್ತೆ ತಪ್ಪುತ್ತಾನೆ, ಅವನೇ ನಡುವೆ ಓಡಿ ಓಡಿ ಸುಸ್ತಾಗುತ್ತಾನೆ, ಉಳಿದವರು ನಗುತ್ತಾರೆ. ಪಾಸು ಮಾತ್ರ ಅವನಿಗೆ ಬರುವುದಿಲ್ಲ. ಆದುದರಿಂದ ಎರಡೆರಡು ನಿಮಿಷದ ಐದು ಸರದಿ ಮಾಡಿರಿ, ಪ್ರತಿಯೊಬ್ಬನೂ ಒಂದೊಂದು ಸರದಿ ನಡುವೆ ನಿಲ್ಲಲಿ. ಎರಡು ಸೆಕೆಂಡಿಗೊಂದು ಪಾಸೆಂದರೆ ಎರಡು ನಿಮಿಷಕ್ಕೆ ಅರವತ್ತು ಪಾಸು. ತಪ್ಪಿದ ಚೆಂಡನ್ನು ತರುವ ಹೊತ್ತನ್ನು ಕಳೆದರೂ ಹೊರಗಿನ ಒಬ್ಬೊಬ್ಬನಿಗೆ ಹತ್ತು ಸಲವಾದರೂ ಚೆಂಡು ಸಿಗುತ್ತದೆ. ನಾಲ್ಕು ಸರದಿಗೆ ನಲವತ್ತು ಸಲ. ಗಂಟೆಗೆ ಎರಡು ಸಲ ಚೆಂಡು ಮುಟ್ಟದಿದ್ದ ಹುಡುಗನಿಗೆ ಹತ್ತೇ ನಿಮಿಷದಲ್ಲಿ ನಲವತ್ತು ಸಲ!

ಇನ್ನು ಕಣ್ಣಿನ ಕೆಲಸ. ಮೂರು ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ.

ಒಂದು: ಚೆಂಡು ಬೇರೆಯವರ ದಾರಿಯಲ್ಲಿರುವಾಗ ಸುತ್ತ ನೋಡು, ನಿನ್ನ ಕಾಲಿಗೆ ತಲಪುವಾಗ ಚೆಂಡನ್ನು ನೋಡು. ಚೆಂಡು ಒಬ್ಬನಿಂದ ಇನ್ನೊಬ್ಬನಿಗೆ ಉರುಳುತ್ತಿರುವ ಒಂದು ಸೆಕೆಂಡಿನಲ್ಲಿ ಅದರ ದಾರಿಯನ್ನು ಯಾರೂ ಬದಲಿಸಲಾರರು. ಆ ಹೊತ್ತಿನಲ್ಲಿ ಅದನ್ನೇ ನೋಡುತ್ತ ನಿಲ್ಲುವುದು ದಂಡ. ಆಗ ಎಡ ಭುಜದ ಮೇಲಿಂದ ಒಂದು ನೋಟ, ಬಲ ಭುಜದ ಮೇಲಿಂದ ಒಂದು ನೋಟ. ನಿನಗೆ ಪಾಸು ಹೊರಟ ಮೇಲೂ ಒಮ್ಮೆ ಕಣ್ಣು ಹಾಯಿಸಬಹುದು. ಕೊನೆಯ ಎರಡು ಹೆಜ್ಜೆ ದೂರದಲ್ಲಿ ಮಾತ್ರ ಕಣ್ಣು ಚೆಂಡಿನ ಮೇಲೆಯೇ ಇರಲಿ.

ಎರಡು: ಚೆಂಡು ನಿನಗೆ ಕಾಣದಿದ್ದರೆ ನೀನೂ ಪಾಸು ಕೊಡುವವನಿಗೆ ಕಾಣುವುದಿಲ್ಲ. ನಡುವಿನವನ ಬೆನ್ನ ಹಿಂದೆ ನಿಂತು ‘ನನಗೆ ಕೊಡು’ ಎಂದು ಕೂಗುವುದರಿಂದ ಪ್ರಯೋಜನವಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿ. ಚೆಂಡಿಗೂ ನಿನಗೂ ನಡುವೆ ತೆರವು ದಾರಿ ಕಂಡಿತೆಂದರೆ ಅದೇ ನೀನು ನಿಲ್ಲಬೇಕಾದ ಜಾಗ. ಚೆಂಡು ಇದ್ದವನಿಗೆ ಸದಾ ಎಡಕ್ಕೊಂದು, ಬಲಕ್ಕೊಂದು ದಾರಿ ತೆರೆದಿರುವಂತೆ ನೋಡಿಕೊಳ್ಳುವುದು ಚೆಂಡಿಲ್ಲದವರ ಹೊಣೆ. ಪಾಸು ತಪ್ಪಿದಾಗ ಕೊಟ್ಟವನನ್ನು ಬಯ್ಯುವ ಮೊದಲು ಉಳಿದವರು ತಾವು ಎಲ್ಲಿ ನಿಂತಿದ್ದೆವೆಂದು ಕೇಳಿಕೊಳ್ಳಬೇಕು.

ಮೂರು: ಮೈಯನ್ನು ತೆರೆದು ನಿಲ್ಲು. ಚೆಂಡು ಬರುವ ಕಡೆಗೆ ಎದೆಯನ್ನು ನೇರವಾಗಿ ಕೊಟ್ಟು ನಿಂತರೆ ಬಂದ ದಾರಿಯೊಂದೇ ಕಾಣುತ್ತದೆ. ಅರ್ಧ ಪಕ್ಕಕ್ಕೆ ತಿರುಗಿ ನಿಂತು, ಚೆಂಡನ್ನು ಹತ್ತಿರದ ಕಾಲಿನ ಮುಂದಿನಿಂದ ಹಾಯಗೊಟ್ಟು ದೂರದ ಕಾಲಿನಲ್ಲಿ ಹಿಡಿದರೆ ಇಡೀ ಚೌಕ ಕಣ್ಣ ಮುಂದೆ ಇರುತ್ತದೆ. ಪಾಸು ಕೊಡುವವನೂ ಗೆಳೆಯನ ದೂರದ ಕಾಲಿಗೇ ಕೊಡಬೇಕು.

ನಡುವಿನವನ ಕೆಲಸವೂ ಕಲಿಕೆಯೇ. ಅವನು ಚೆಂಡಿನ ಹಿಂದೆ ಹುಚ್ಚಾಗಿ ಓಡಬಾರದು. ತುಸು ಬಾಗಿದ ದಾರಿಯಲ್ಲಿ ಹೋಗಿ ಒಂದು ಬದಿಯ ಪಾಸನ್ನು ಮುಚ್ಚಿದರೆ, ಮುಂದಿನ ಪಾಸು ಎತ್ತ ಹೋಗುತ್ತದೆಂದು ಅವನಿಗೆ ಮೊದಲೇ ಗೊತ್ತಾಗುತ್ತದೆ. ಅವನೂ ಕಣ್ಣಿನಿಂದಲೇ ಗೆಲ್ಲಬೇಕು.

ಮೂರನೆಯ ಹೆಜ್ಜೆ: ಅಂಕಿಯ ಪಾಸು

ಈಗ ಇಪ್ಪತ್ತು ಹೆಜ್ಜೆಯ ಚೌಕ, ಐದೈದು ಮಂದಿಯ ಎರಡು ಗುಂಪು, ಗುಂಪಿಗೊಂದು ಚೆಂಡು. ಪ್ರತಿ ಗುಂಪಿನಲ್ಲೂ ಒಂದರಿಂದ ಐದರವರೆಗೆ ಅಂಕಿ ಹಂಚಿರಿ. ಎರಡೂ ಗುಂಪಿನವರು ಅದೇ ಚೌಕದಲ್ಲಿ ಬೆರೆತು, ನಿಲ್ಲದೆ ಓಡಾಡುತ್ತಿರಬೇಕು. ಒಂದನೆಯವನು ಎರಡನೆಯವನಿಗೆ, ಎರಡನೆಯವನು ಮೂರನೆಯವನಿಗೆ, ಹೀಗೆ ಐದನೆಯವನು ಮತ್ತೆ ಒಂದನೆಯವನಿಗೆ ಪಾಸು ಕೊಡಬೇಕು.

ಇಲ್ಲಿ ಯಾರೂ ತಡೆಯುವವರಿಲ್ಲ. ಆದರೂ ಸುಲಭವಲ್ಲ. ಮೂರನೆಯವನಿಗೆ ಎರಡನೆಯವನು ಎಲ್ಲಿದ್ದಾನೆಂಬುದೂ ಗೊತ್ತಿರಬೇಕು, ನಾಲ್ಕನೆಯವನು ಎಲ್ಲಿದ್ದಾನೆಂಬುದೂ ಗೊತ್ತಿರಬೇಕು. ಮೇಲಾಗಿ ಇನ್ನೊಂದು ಗುಂಪಿನ ಐವರಿಗೆ ಡಿಕ್ಕಿ ಹೊಡೆಯದೆ ಇರಬೇಕು. ಚೆಂಡು ಬಂದ ಮೇಲೆ ‘ನಾಲ್ಕು ಎಲ್ಲಿ, ನಾಲ್ಕು ಎಲ್ಲಿ’ ಎಂದು ಹುಡುಕುವವನು ಮೊದಲೇ ನೋಡಿರಲಿಲ್ಲವೆಂದು ಅರ್ಥ. ಚೆಂಡು ತಲಪುವ ಮೊದಲೇ ಅವನು ಮುಂದಿನವನ ಹೆಸರನ್ನು ಕೂಗಿ ಹೇಳಲಿ. ಎರಡು ನಿಮಿಷವಾದ ಮೇಲೆ ‘ತಿರುವು’ ಎಂದರೆ ಸಾಲು ಹಿಂದುಮುಂದಾಗಬೇಕು: ಐದರಿಂದ ನಾಲ್ಕು, ನಾಲ್ಕರಿಂದ ಮೂರು.

ಹೆಚ್ಚಿಗೆ ಒಬ್ಬನಿದ್ದರೆ ಅವನು ಚೌಕದ ಹೊರಗೆ ನಡೆಯುತ್ತ ಆಗಾಗ ಕೈಯೆತ್ತಿ ಬೆರಳು ತೋರಿಸಲಿ. ಪಾಸು ಪಡೆಯುವವನು ಚೆಂಡು ಮುಟ್ಟುವ ಮೊದಲು ಬೆರಳೆಷ್ಟೆಂದು ಹೇಳಬೇಕು. ಕಾಲುನೋವಿನಿಂದ ಆಡಲಾಗದವರಿಗೆ, ವಯಸ್ಸಾದ ಹಿರಿಯರಿಗೆ ಇದು ತಕ್ಕ ಕೆಲಸ. ಅವರೂ ಆಟದಲ್ಲಿ ಸೇರಿದಂತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಐವರ ನಡುವೆ ಇಬ್ಬರು

ಹದಿನೈದು ಹೆಜ್ಜೆಯ ಚೌಕದಲ್ಲಿ ಹೊರಗೆ ಐವರು, ನಡುವೆ ಇಬ್ಬರು. ನಡುವಿನ ಇಬ್ಬರ ಸಂದಿನಲ್ಲಿ ಹಾದುಹೋಗುವ ಪಾಸಿಗೆ ಎರಡು ಅಂಕ ಕೊಡಿರಿ. ಆಗ ಹೊರಗಿನವರು ಪಕ್ಕದವನಿಗೇ ಕೊಡುತ್ತ ಕಾಲ ಕಳೆಯದೆ, ಆ ಸಂದು ಯಾವಾಗ ತೆರೆಯುತ್ತದೆಂದು ಕಾಯುವುದನ್ನು ಕಲಿಯುತ್ತಾರೆ. ಪಂದ್ಯದಲ್ಲಿ ಎದುರಾಳಿಯ ಇಬ್ಬರು ಬ್ಯಾಕುಗಳ ನಡುವೆ ಫಾರ್ವರ್ಡಿಗೆ ಚೆಂಡು ಕೊಡುವುದು ಇದೇ ಪಾಸು. ಮೂವರು ಉಳಿದರೆ ಪಕ್ಕದಲ್ಲಿ ತ್ರಿಕೋನವಾಗಿ ನಿಂತು ಪಾಸು ಮಾಡುತ್ತಿರಲಿ, ಸರದಿಗೊಮ್ಮೆ ಒಳಗೆ ಬರಲಿ.

ಇಲ್ಲಿ ಬಾಯಿಗೂ ಕೆಲಸ ಕೊಡಿರಿ. ಎರಡೇ ಕೂಗು ಸಾಕು. ಪಾಸು ಪಡೆಯುವವನ ಹಿಂದೆ ಎದುರಾಳಿ ಇದ್ದರೆ ‘ಆಳು!’, ಇಲ್ಲದಿದ್ದರೆ ‘ತಿರುಗು!’. ಗೆಳೆಯನ ಬೆನ್ನ ಹಿಂದೆ ಕಣ್ಣಿಲ್ಲ. ಆ ಕಣ್ಣು ನಾವಾಗಬೇಕು.

ಕೊನೆಗೆ ಚಿಕ್ಕ ಗೋಲುಗಳನ್ನಿಟ್ಟು ಪಂದ್ಯ ಆಡಿರಿ. ಎರಡು ಸ್ಪರ್ಶದ ನಿಯಮ ಅಲ್ಲೂ ಇರಲಿ. ಗೋಲು ಹೊಡೆಯುವ ಮುನ್ನ ತಂಡದ ಪ್ರತಿಯೊಬ್ಬನೂ ಒಮ್ಮೆಯಾದರೂ ಚೆಂಡು ಮುಟ್ಟಿರಬೇಕೆಂಬ ಕಟ್ಟಳೆಯನ್ನು ಮೊದಲ ಐದು ನಿಮಿಷಕ್ಕಾದರೂ ಇಡಿರಿ.

ಒಂದು ಗಂಟೆಯ ಹಂಚಿಕೆ

ಮೈ ಬಿಸಿ ಮಾಡಿಕೊಳ್ಳುವುದು: 8 ನಿಮಿಷ
ಇಬ್ಬಿಬ್ಬರ ಪಾಸು: 7 ನಿಮಿಷ
ನಾಲ್ವರ ನಡುವೆ ಒಬ್ಬ, ಸರದಿ ಬದಲಿಸುವ ಹೊತ್ತೂ ಸೇರಿ: 12 ನಿಮಿಷ
ಅಂಕಿಯ ಪಾಸು: 8 ನಿಮಿಷ
ಐವರ ನಡುವೆ ಇಬ್ಬರು: 10 ನಿಮಿಷ
ಪಂದ್ಯ: 15 ನಿಮಿಷ

ಮೊದಲ ಎರಡು ಮೂರು ವಾರ ಪಾಸು ತಪ್ಪುವುದೇ ಹೆಚ್ಚು. ಆಗ ಚೌಕವನ್ನು ಎರಡು ಹೆಜ್ಜೆ ದೊಡ್ಡದು ಮಾಡಿ, ಮೂರು ಸ್ಪರ್ಶ ಕೊಡಿರಿ. ಸುಲಭವಾಗುತ್ತ ಬಂದಂತೆ ಚೌಕವನ್ನು ಕುಗ್ಗಿಸಿ ಎರಡಕ್ಕೆ, ಆಮೇಲೆ ಒಂದೇ ಸ್ಪರ್ಶಕ್ಕೆ ಇಳಿಸಿರಿ. ಮಳೆಗಾಲದ ಕೆಸರಿನಲ್ಲಿ ಚೆಂಡು ನಡುದಾರಿಯಲ್ಲೇ ನಿಲ್ಲುತ್ತದೆ. ಆಗ ಪಾಸು ಬಿರುಸಾಗಿರಲಿ, ಪಡೆಯುವವನು ನಿಂತು ಕಾಯದೆ ಚೆಂಡಿನ ಎದುರಿಗೆ ಬರಲಿ.

ಪೆಟ್ಟಿನ ವಿಚಾರ

ನಮ್ಮಲ್ಲಿ ಅನೇಕರಿಗೆ ಕಾಲು ಉಳುಕಿದರೆ ಕೂಲಿಯೂ ಹೋಯಿತು. ಹೋಟೆಲಿನಲ್ಲಿ ದಿನವಿಡೀ ನಿಲ್ಲುವವನಿಗೆ, ಸಾಮಾನು ಹೊರುವವನಿಗೆ ಹದಿನೈದು ದಿನ ಮಲಗುವ ಅನುಕೂಲ ಎಲ್ಲಿದೆ? ಇಬ್ಬರೂ ಚೆಂಡನ್ನೇ ನೋಡುತ್ತ ಓಡಿಬಂದು ಒಬ್ಬರನ್ನೊಬ್ಬರು ಕಾಣದೆ ಡಿಕ್ಕಿಯಾಗುವುದುಂಟು. ಹಿಂದಿನಿಂದ ಬರುವವನ ಅರಿವಿಲ್ಲದೆ ತಿರುಗಿ ಕಾಲು ಸಿಕ್ಕಿಸಿಕೊಳ್ಳುವುದೂ ಉಂಟು. ಸುತ್ತ ನೋಡುವ ಅಭ್ಯಾಸ ಇಂಥ ಪೆಟ್ಟುಗಳನ್ನು ತಪ್ಪಿಸುತ್ತದೆ. ಬೇಗ ಪಾಸು ಕೊಟ್ಟವನ ಕಾಲಿಗೆ ಯಾರೂ ಒದೆಯಲಾರರು, ಏಕೆಂದರೆ ಅಲ್ಲಿ ಚೆಂಡೇ ಇಲ್ಲ.

ಆದರೂ ಹರಡು ಉಳುಕಿದರೆ ಕೂಡಲೇ ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಕಾಲನ್ನು ಎತ್ತರಿಸಿ ಕೂರಿಸಿರಿ. ಆಗಲೇ ತಿಕ್ಕಿ ನೀವಬೇಡಿ. ಕಾಲೂರಿ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಆಸ್ಪತ್ರೆಗೆ ಕರೆದೊಯ್ದು ಎಕ್ಸ್-ರೇ ತೆಗೆಸಲೇಬೇಕು.

ಮನನಕ್ಕೆ ಪ್ರಶ್ನೆಗಳು

ಅಭ್ಯಾಸ ಮುಗಿಸಿ ಚಹಾ ಕುಡಿಯುವಾಗ ಒಬ್ಬರನ್ನೊಬ್ಬರು ಕೇಳಿಕೊಳ್ಳಿರಿ:

1. ಚೆಂಡು ಯಾರ ಕಾಲಲ್ಲೂ ಇಲ್ಲದೆ ಉರುಳುತ್ತಿರುವಾಗ ನಾನು ಏನನ್ನು ನೋಡುತ್ತಿದ್ದೆ?
2. ಪಾಸು ಕೊಡುವವನಿಗೆ ನಾನು ಕಾಣುವಂತೆ ನಿಂತಿದ್ದೆನೇ?
3. ಗೆಳೆಯನಿಗೆ ಯಾವ ಕಾಲಿಗೆ ಪಾಸು ಕೊಟ್ಟೆ? ಏಕೆ?
4. ಈ ದಿನ ಎಲ್ಲರಿಗಿಂತ ಕಡಿಮೆ ಚೆಂಡು ಸಿಕ್ಕಿದ್ದು ಯಾರಿಗೆ?

ಕೊನೆಯ ಪ್ರಶ್ನೆಗೆ ಉತ್ತರ ಎಲ್ಲರಿಗೂ ತಟ್ಟನೆ ಹೊಳೆದರೆ ಆ ತಂಡ ನೋಡುವುದನ್ನು ಕಲಿಯುತ್ತಿದೆಯೆಂದು ತಿಳಿಯಬಹುದು. ಮುಂದಿನ ಭಾನುವಾರದ ಮೊದಲ ಪಾಸನ್ನು ಅವನಿಗೇ ಕೊಡಿರಿ.